ಗೋಡೆಯಿಲ್ಲದ ಬಾಗಿಲು

ನಮ್ಮೂರಿನಲ್ಲಿ ಟಾಕೀಸು ಇದೆ, ತಿಂಗಳಿಗೊಂದು ಸಿನಿಮಾ ಬರುತ್ತದೆ, ಊರಿಗೆ ಊರೇ ಹೋಗಿ ಕೂರುತ್ತದೆ. ಆದರೂ ಒಂದು ಸಿನಿಮಾವನ್ನಾದರೂ ನೆಟ್ಟಗೆ ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಹೀಗೆಂದರೆ ಹೊರಗಿನವರು ನಗುತ್ತಾರೆ. ನಕ್ಕರೆ ನಗಲಿ. ಅವರ ಊರಿನ ಟಾಕೀಸಿನಲ್ಲಿ ಆಟ ಮುಗಿದ ಮೇಲೆ ಪರದೆಯ ಹಿಂದೆ ಕಸವಲ್ಲದೆ ಬೇರೇನೂ ಇರುವುದಿಲ್ಲ. ನಮ್ಮಲ್ಲಿ ಇರುತ್ತದೆ.

ಆಟ ಮುಗಿದು ದೀಪ ಹತ್ತಿದ ಮೇಲೆ, ಪರದೆಯ ಹಿಂದಿನ ಸುಣ್ಣದ ಕೋಣೆಯ ಚಿಲಕ ತೆಗೆದರೆ ಆ ಸಿನಿಮಾದಲ್ಲಿ ಕಂಡ ಒಂದು ವಸ್ತು ಅಲ್ಲಿ ಬಂದು ಕೂತಿರುತ್ತದೆ. ಒಂದೇ ಒಂದು. ನೋಡಲು ಬಂದವರಲ್ಲಿ ಹೆಚ್ಚು ಜನರ ಕಣ್ಣು ಯಾವುದರ ಮೇಲೆ ಹೆಚ್ಚು ಹೊತ್ತು ನಿಂತಿತ್ತೋ ಅದು. ಪಂಚಾಯಿತಿ ಕಟ್ಟೆಯ ಗಡಿಯಾರ, ಶಾಲೆಯ ಹಾರ್ಮೋನಿಯಂ, ಕ್ಷೌರದ ಮಾದಪ್ಪನ ತಿರುಗುವ ಕುರ್ಚಿ, ನಮ್ಮ ಹಿಟ್ಟಿನ ಗಿರಣಿಯ ತಕ್ಕಡಿ, ಎಲ್ಲ ಹಾಗೆ ಬಂದವೇ. ಹಳೆಯ ಸಿನಿಮಾಗಳಿಂದ ಬಂದವು ಬೂದಿ ಬಣ್ಣಕ್ಕಿರುತ್ತವೆ. ಹಾರ್ಮೋನಿಯಂಗೆ ಎಷ್ಟು ಸಲ ಬಣ್ಣ ಹೊಡೆಸಿದರೂ ಬೆಳಗಾಗುವಷ್ಟರಲ್ಲಿ ಮತ್ತೆ ಬೂದಿ. ಜೀವ ಇರುವುದು ಬರುವುದಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಒಮ್ಮೆ ಹೆಂಗಸರೆಲ್ಲ ಮಾತಾಡಿಕೊಂಡವರ ಹಾಗೆ ಹೀರೋನನ್ನೇ ನೋಡುತ್ತ ಕೂತುಬಿಟ್ಟಿದ್ದರಂತೆ. ಬಂದದ್ದು ಅವನ ಕೋಟು ಮಾತ್ರ. ಇವತ್ತಿಗೂ ನಮ್ಮೂರಿನ ಮದುವೆ ಗಂಡುಗಳೆಲ್ಲ ಅದೇ ಕೋಟು ತೊಟ್ಟು ಹಸೆಮಣೆ ಏರುತ್ತಾರೆ. ದಪ್ಪಗಿರುವವರು ಗುಂಡಿ ಹಾಕಿಕೊಳ್ಳುವುದಿಲ್ಲ, ಅಷ್ಟೆ.

ಇಂಥ ಊರಿನಲ್ಲಿ ಸಿನಿಮಾ ನೋಡಲು ಯಾರಿಗೆ ಪುರುಸೊತ್ತು? ನಾವು ಹೋಗುವುದು ಕಣ್ಣಿಡುವುದಕ್ಕೆ. ಒಂದೊಂದು ತಿಂಗಳು ಒಂದೊಂದು ಮನೆಯ ಸರದಿ. ಆ ಮನೆಯವರು ತಮಗೆ ಬೇಕಾದ್ದನ್ನು ಮೊದಲೇ ಹೇಳುತ್ತಾರೆ. ಟಾಕೀಸಿನ ಗಫಾರ್ ಸಾಬರು ಅದು ಇರುವಂಥ ಸಿನಿಮಾ ಹುಡುಕಿ ಪಟ್ಟಣದಿಂದ ರೀಲಿನ ಡಬ್ಬಿ ತರಿಸುತ್ತಾರೆ. ಕಣ್ಣು ಕೂಗುವ ಬೋರಲಿಂಗಯ್ಯ ಹಿಂದಿನ ದಿನ ಒಬ್ಬನೇ ಕೂತು ಅದನ್ನು ನೋಡಿ, ವಸ್ತು ಯಾವಾಗ ಬರುತ್ತದೆ, ಯಾವ ಮಗ್ಗುಲಲ್ಲಿ ಬರುತ್ತದೆ ಎಂದು ಮನಸ್ಸಿನಲ್ಲಿಟ್ಟುಕೊಳ್ಳುತ್ತಾನೆ. ಆಟದ ಹೊತ್ತಿಗೆ ಪರದೆಯ ಪಕ್ಕದಲ್ಲಿ ನಿಂತು, "ಎಡಕ್ಕೆ! ಮೂಲೇಲಿ! ಕಣ್ಣು!" ಎಂದು ಕೂಗುತ್ತಾನೆ. ನಾವೆಲ್ಲ ಹೀರೋ ಸಾಯುತ್ತಿರಲಿ, ಹೀರೋಯಿನ್ನು ಕುಣಿಯುತ್ತಿರಲಿ, ಅವರ ಹಿಂದೆ ಮೂಲೆಯಲ್ಲಿರುವ ಹೊಲಿಗೆ ಮಿಷನ್ನನ್ನೋ ಕಡಾಯಿಯನ್ನೋ ಕಣ್ಣು ಮಿಟುಕಿಸದೆ ನೋಡುತ್ತೇವೆ. ಒಮ್ಮೆ ಕೆಳಗಿನ ಬೀದಿಯವರಿಗೆ ನೀರೆತ್ತುವ ಪಂಪು ಬೇಕಾಗಿದ್ದಾಗ ಜನ ಕೊನೆಗಳಿಗೆಯಲ್ಲಿ ಸಡಿಲವಾಗಿ, ಒಂದು ಒಂಟಿ ಗೆಜ್ಜೆ ಬಂದುಬಿಟ್ಟಿತು. ಕೆಳಗಿನ ಬೀದಿಯವರು ಇಂದಿಗೂ ಆ ಮಾತೆತ್ತಿದರೆ ಮುಖ ತಿರುಗಿಸುತ್ತಾರೆ.

ನಮ್ಮ ಮನೆಯ ಸರದಿ ಬಂದದ್ದು ನಮ್ಮತ್ತೆ ಬಿದ್ದ ಮರುವರ್ಷ. ಅತ್ತೆಯ ಹೆಸರು ಕೆಂಪಾಜಮ್ಮ, ಊರಿಗೆಲ್ಲ ಆಜಮ್ಮ. ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆಯುವುದು ಅವರ ಕಸುಬು. ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಹರಳೆಣ್ಣೆಯ ಬಟ್ಟಲು ಹಿಡಿದು ಇವರು ಹೋಗಲೇಬೇಕು. ಇವತ್ತು ಮೀಸೆ ತಿರುವಿಕೊಂಡು ಓಡಾಡುವ ಗಂಡಸರೆಲ್ಲ ಅವರ ಚಾಚಿದ ಕಾಲುಗಳ ಮೇಲೆ ಬೋರಲು ಮಲಗಿ ಚೀರಿದವರೇ. ಬಾಣಂತಿಯರಂತೂ ಆ ಕೈ ಬೆನ್ನ ಮೇಲೆ ಬಿದ್ದರೆ ಹೆತ್ತ ನೋವೆಲ್ಲ ಮರೆತುಹೋಗುತ್ತದೆ ಎನ್ನುತ್ತಿದ್ದರು. ಇದ್ದರೂ ಇರಬಹುದು, ನನಗೆ ಗೊತ್ತಿಲ್ಲ. ನನಗೆ ಮಕ್ಕಳಾಗಲಿಲ್ಲ. ಹಾಗಾಗಿ ಊರಿನ ಹೆಂಗಸರಿಗೆಲ್ಲ ಸಿಕ್ಕ ಆ ಕೈ, ಒಂದೇ ಸೂರಿನಡಿ ಬದುಕಿದ ನನಗೆ ಸಿಗುವ ಪ್ರಸಂಗ ಬರಲಿಲ್ಲ.

ಬಚ್ಚಲಲ್ಲಿ ಜಾರಿ ಬಿದ್ದು ಅವರ ಸೊಂಟ ಹೋಯಿತು, ಕಾಲುಗಳಲ್ಲಿ ಕಸುವು ಹೋಯಿತು. ನಡುಮನೆ ತುಂಬ ಹಿಟ್ಟಿನ ಮೂಟೆಗಳು. ಬೇರೆ ಜಾಗವಿಲ್ಲದೆ ಅವರನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿದೆವು. ಕಿಟಕಿಯಿಲ್ಲದ ಕೋಣೆ ಅದು, ಹಗಲಲ್ಲೂ ದೀಪ ಬೇಕು. ಮೊದಮೊದಲು ಜನ ಬಂದು ಮಾತಾಡಿಸಿ ಹೋದರು. ಆಮೇಲೆ ಗಿರಣಿಗೆ ಬಂದವರು ಹೊರಗಿನಿಂದಲೇ "ಆಜಮ್ಮ ಹೆಂಗವ್ರೆ?" ಎಂದು ಕೇಳಿ ಹಿಟ್ಟು ಹೊತ್ತುಕೊಂಡು ಹೋಗತೊಡಗಿದರು. ಅಷ್ಟು ಒಳಗೆ, ಅಂಥ ಕತ್ತಲಿಗೆ ಕೂಸುಗಳನ್ನು ಯಾರು ತರುತ್ತಾರೆ? ಊರೆಲ್ಲ ಸುತ್ತಿ ಬಾಯಿತುಂಬ ಮಾತಾಡುತ್ತಿದ್ದ ಹೆಂಗಸು ಗೋಡೆಯ ಕಡೆಗೆ ಮುಖ ಮಾಡಿ ಮಲಗತೊಡಗಿದರು.

ಅವರನ್ನು ಎತ್ತುವುದು, ಕೂರಿಸುವುದು, ಬಚ್ಚಲಿಗೆ ಹೊರುವುದು ಎಲ್ಲ ನನ್ನ ಪಾಲಿಗೆ. ನನ್ನ ಗಂಡ ಮರಿಸ್ವಾಮಿಗೆ ಗಿರಣಿಯ ಹಿಟ್ಟು ಎದೆಗೆ ಕೂತು ನಾಲ್ಕು ಹೆಜ್ಜೆಗೇ ಏದುಸಿರು. ರಾತ್ರಿ ಮಗ್ಗುಲಾದರೆ ನನ್ನ ಬೆನ್ನು ಒಲೆಯಲ್ಲಿಟ್ಟ ಹಾಗೆ ಉರಿಯುತ್ತಿತ್ತು. ಯಾರ ಹತ್ತಿರ ಹೇಳಿಕೊಳ್ಳಲಿ? ಅತ್ತೆಯ ಹತ್ತಿರ ಹೇಳಿದರೆ, ಬಚ್ಚಲಿಗೆ ಹೊರುವ ಕಷ್ಟ ನನಗೆ ತಪ್ಪಲೆಂದು ಅವರು ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಿದ್ದರು. ಆದ್ದರಿಂದ ಸರದಿ ಬಂದಾಗ ನಾನು ಹೆಚ್ಚು ಯೋಚನೆ ಮಾಡಲಿಲ್ಲ. ಗಾಲಿ ಕುರ್ಚಿ ಬೇಕು ಎಂದೆ. ಅತ್ತೆ ಬೀದಿ ಕಾಣಬೇಕು, ನನ್ನ ಬೆನ್ನು ಉಳಿಯಬೇಕು. ಇದು ತಪ್ಪಿದರೆ ಮತ್ತೆ ನಮ್ಮ ಸರದಿ ಬರುವ ಹೊತ್ತಿಗೆ ಅತ್ತೆಯೂ ಇರುವುದಿಲ್ಲ, ನಾನೂ ಇರುವುದಿಲ್ಲ.

ಗಫಾರ್ ಸಾಬರು ತಮ್ಮ ಬಿಳಿ ಗಡ್ಡ ನೀವಿಕೊಂಡು, "ಆಸ್ಪತ್ರೆ ಪಿಚ್ಚರ್ ಒಂದೈತೆ ದೇವೀರಮ್ಮ. ಅರ್ಧ ಪಿಚ್ಚರ್ ಪೂರಾ ಹೀರೋ ತಾಯಿ ಗಾಲಿ ಕುರ್ಚೀಲೇ ಕೂತಿರ್ತಾರೆ. ಕಣ್ಣಿಡೋಕೆ ಇದಕ್ಕಿಂತ ಸುಲಭ ಇಲ್ಲ" ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆಟದ ಹಿಂದಿನ ದಿನ ಬರಬೇಕಿದ್ದ ಡಬ್ಬಿ ಬರಲಿಲ್ಲ. ಬಸ್ಸು ಎಲ್ಲೋ ಕೆಟ್ಟು ನಿಂತಿತ್ತು. ಅದು ಬಂದು ನಿಂತಾಗ ಮಧ್ಯಾಹ್ನದ ಆಟಕ್ಕೆ ಊರೆಲ್ಲ ಟಾಕೀಸಿನಲ್ಲಿ ಸೇರಿಯಾಗಿತ್ತು. ಬೋರಲಿಂಗಯ್ಯನಿಗೆ ಮೊದಲೇ ನೋಡಿಕೊಳ್ಳಲು ವೇಳೆಯೇ ಸಿಗಲಿಲ್ಲ. ಪರವಾಗಿಲ್ಲ, ಅರ್ಧ ಪಿಚ್ಚರ್ ಪೂರಾ ಕುರ್ಚಿಯೇ ಇರುವಾಗ ಮೊದಲೇ ನೋಡುವುದೇನು ಎಂದು ಅವನೇ ಸಮಾಧಾನ ಹೇಳಿದ. ಸರದಿಯ ಮನೆಯವರೆಲ್ಲ ಹಾಜರಿರಬೇಕೆಂಬುದು ರೂಢಿ. ಜನ ಸೇರುವ ಮೊದಲೇ ನಾನು ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಬೀದಿಗುಂಟ ನಡೆದು ಹೋಗಿ ಮುಂದಿನ ಬೆಂಚಿನಲ್ಲಿ ಕೂರಿಸಿದ್ದೆ. ದಾರಿಯುದ್ದಕ್ಕೂ ಜನ ಹೊರಗೆ ಬಂದು ಕೈಮುಗಿದಿದ್ದರು. ಅತ್ತೆ ನನ್ನ ಭುಜದ ಮೇಲಿಂದ, "ಯಾರ್ಲಾ ಅದು, ಪುಟ್ಟಮಾದನಾ? ಎಷ್ಟು ಬೊಜ್ಜು ಬೆಳಸಿದ್ದೀಯ!" ಎಂದು ಎಲ್ಲರನ್ನೂ ಮಾತಾಡಿಸುತ್ತಿದ್ದರು.

ದೀಪ ಆರಿತು. ಪರದೆ ಬೆಳ್ಳಗಾಯಿತು. ಬೆಳ್ಳಗಾಗಿಯೇ ಉಳಿಯಿತು. ದೇವರ ಪಟವಿಲ್ಲ, ಹೆಸರುಗಳಿಲ್ಲ, ಹಾಡಿಲ್ಲ. ರೀಲು ಕೆಟ್ಟಿದೆ ಎಂದು ಹಿಂದಿನವರು ಸಿಳ್ಳೆ ಹೊಡೆದರು. ಆಮೇಲೆ ನಿಧಾನಕ್ಕೆ ಗೊತ್ತಾಯಿತು, ಅದು ಖಾಲಿ ಪರದೆಯಲ್ಲ, ಬತ್ತಿ ಉಪ್ಪುಗಟ್ಟಿದ ಒಂದು ದೊಡ್ಡ ಕೆರೆಯಂಗಳ. ಅದರ ನಟ್ಟನಡುವೆ ಒಂದು ಹಸಿರು ಬಾಗಿಲು, ಚೌಕಟ್ಟು ಹೊಸ್ತಿಲು ಸಮೇತ ಒಂಟಿಯಾಗಿ ನಿಂತಿತ್ತು. ಆಚೆ ಗೋಡೆಯಿಲ್ಲ, ಈಚೆ ಗೋಡೆಯಿಲ್ಲ. ಟೋಪಿಯವನೊಬ್ಬ ದೂರದಿಂದ ನಡೆದು ಬಂದು, ಬಾಗಿಲು ತಟ್ಟಿ, ಕಾಯುತ್ತ ನಿಂತ.

"ಪಕ್ಕದಾಗಿಂದ ಹೋಗೋ ಲೇ!" ಎಂದು ಮಾದಪ್ಪ ಕೂಗಿದ. ಎಲ್ಲರೂ ನಕ್ಕರು. ಅವನು ಹೋಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು ಕಾಯುತ್ತಲೇ ಇದ್ದ.

"ಬಾಗ್ಲು ಅಂತ ಇದ್ಮೇಲೆ ತಟ್ಟಿ ಕಾಯ್ಬೇಕು ಕಣ್ರಪ್ಪ. ಅವನಿಗೆ ಮರ್ಯಾದೆ ಗೊತ್ತೈತೆ" ಎಂದರು ನಮ್ಮತ್ತೆ.

ಇದು ಆಸ್ಪತ್ರೆಯ ಪಿಚ್ಚರ್ ಅಲ್ಲ ಎಂದು ನನಗಾಗಲೇ ಗೊತ್ತಾಗಿತ್ತು. ಬಾಗಿಲು ತೆರೆಯಿತು. ಒಳಗಿನಿಂದ ಬಂದದ್ದು ಒಂದು ಕೊಕ್ಕರೆ. ಅದು ಅವನ ಟೋಪಿಯನ್ನು ಕಚ್ಚಿಕೊಂಡು ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಅಷ್ಟೆ. ಆಮೇಲೆ ಒಂದು ನದಿ ಬಂತು. ನದಿಯಲ್ಲಿ ಜನ ಎದೆಮಟ್ಟದ ನೀರಿನಲ್ಲಿ ಸಾಲಾಗಿ ಕೂತು, ತೇಲುವ ಎಲೆಗಳ ಮೇಲೆ ಮದುವೆ ಊಟ ಮಾಡುತ್ತಿದ್ದರು. ವಾಲಗದವರು ಕೆನ್ನೆ ಉಬ್ಬಿಸಿ ಊದುತ್ತಿದ್ದರು, ಸದ್ದಿಲ್ಲ. ಮುಂದೆ ಎಲ್ಲೋ ಒಬ್ಬಳು ಬೂದುಗುಂಬಳ ಹೆಚ್ಚಲು ಕೂತಾಗ ಆ ವಾಲಗದ ಸದ್ದು ಕುಂಬಳಕಾಯಿಯೊಳಗಿನಿಂದ ಕೇಳಿತು. ಒಬ್ಬ ದರ್ಜಿ ಟೇಪು ಹಿಡಿದು ಬೆಟ್ಟದ ಸೊಂಟದ ಅಳತೆ ತೆಗೆಯುತ್ತಿದ್ದ. ನಮ್ಮ ದರ್ಜಿ ಸುಬ್ಬರಾಚಾರಿ ಕತ್ತಲಲ್ಲೇ, "ಬಟ್ಟೆ ಸಾಲಲ್ಲ" ಎಂದು ಗಂಭೀರವಾಗಿ ಹೇಳಿದ.

ನಮ್ಮ ಜನ ಒಳ್ಳೆಯವರು. ಸಿನಿಮಾ ಬೇರೆಯಾದರೂ ಕಣ್ಣು ಬಿಡಲಿಲ್ಲ. ಎಲ್ಲಿಯಾದರೂ ಒಂದು ಗಾಲಿ ಸಿಕ್ಕೀತು ಎಂದು ಎಲ್ಲರೂ ಬೆಂಚಿನ ತುದಿಗೆ ಬಂದು ಹುಡುಕುತ್ತಿದ್ದರು. ಬೋರಲಿಂಗಯ್ಯ ಬೆವರುತ್ತಿದ್ದ. ಪರದೆಯ ಮೇಲೆ ದುಂಡಗೆ ಏನೋ ಕಂಡೊಡನೆ, "ಬಲಕ್ಕೆ! ಗಾಲಿ! ಕಣ್ಣು!" ಎಂದು ಕೂಗಿದ. ಊರೆಲ್ಲ ಉಸಿರು ಬಿಗಿಹಿಡಿದು ನೋಡಿತು. ಅದು ಮುಳ್ಳಿಲ್ಲದ ಗಡಿಯಾರವಾಯಿತು, ಗಡಿಯಾರ ಚಂದ್ರನಾಯಿತು, ಚಂದ್ರನನ್ನು ಯಾರದೋ ಕೈ ಲಟಕ್ಕನೆ ಮುರಿದು ಬಾಯಿಗೆ ಹಾಕಿಕೊಂಡಿತು. ಹಪ್ಪಳ! ಇನ್ನೊಮ್ಮೆ ರೈಲು ಬಂತು. ಬೋರಲಿಂಗಯ್ಯ, "ಗಾಲಿ ಗಾಲಿ ಗಾಲಿ!" ಎಂದು ಕುಣಿದ. ಹತ್ತಿರ ಬಂದ ಮೇಲೆ ನೋಡಿದರೆ ಅದು ಮಂಚಗಳ ಸಾಲು, ಎತ್ತುಗಳ ಹಾಗೆ ತಮ್ಮ ಕಾಲುಗಳಲ್ಲೇ ನಡೆದು ಬರುತ್ತಿತ್ತು. ಮಂಚಗಳ ಮೇಲೆ ಮಲಗಿದ್ದವರು ಕೈಬೀಸಿದರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಸೆರಗಿನ ತುದಿ ಕಚ್ಚಿಕೊಂಡು ಕೂತೆ. ನನ್ನ ಕುರ್ಚಿ ಕಣ್ಣೆದುರೇ ಕೈತಪ್ಪಿ ಹೋಗುತ್ತಿತ್ತು.

ಬೋರಲಿಂಗಯ್ಯ ಮತ್ತೆ ಬಾಯಿ ತೆರೆಯುವುದರೊಳಗೆ ಅತ್ತೆಯ ದನಿ ಕೇಳಿಸಿತು. ಬಿದ್ದ ಮೇಲೆ ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದೇ ಇರಲಿಲ್ಲ.

"ಬೋರಲಿಂಗ, ಕೂಗ್ಬೇಡ. ಕುಂತ್ಕೋ."

"ನಿಂಗೇ ಕಣಜ್ಜಿ ಕೂಗ್ತಿರಾದು. ಕುರ್ಚಿ ಬ್ಯಾಡ್ವಾ?"

"ಬ್ಯಾಡ. ಒಂದ್ ವರ್ಷದಿಂದ ಬರೀ ಗೋಡೆ ನೋಡಿವ್ನಿ ಕಣಪ್ಪ. ಇವತ್ತು ನೋಡಕ್ಕೆ ಏನೋ ಸಿಕ್ಕೈತೆ. ನನ್ನೂ ನೋಡಕ್ ಬಿಡು, ಈ ಜನಾನೂ ನೋಡಕ್ ಬಿಡು."

ಸುಳ್ಳು ಹೇಳುವುದಿಲ್ಲ, ನನಗೆ ಮೈಯೆಲ್ಲ ಉರಿದುಹೋಯಿತು. ಬೇಡವಂತೆ! ಬೇಡ ಅನ್ನುವುದಕ್ಕೆ ಇವರಿಗೇನು, ಹೊರುವ ಬೆನ್ನು ಇವರದಲ್ಲವಲ್ಲ. ಇಡೀ ಊರಿನೆದುರು ಕೂಗಾಡಬೇಕೆನ್ನಿಸಿತು. ಆದರೆ ಬೋರಲಿಂಗಯ್ಯ ಆಗಲೇ ನೆಲದ ಮೇಲೆ ಕಾಲು ಮಡಿಸಿ ಕೂತಿದ್ದ. ಅವನು ಕಣ್ಣು ಕೂಗದೆ ಸುಮ್ಮನೆ ಕೂತದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಎಲ್ಲಿ ನೋಡಬೇಕೆಂದು ಹೇಳುವವರಿಲ್ಲ. ಒಬ್ಬೊಬ್ಬರ ಕಣ್ಣು ಒಂದೊಂದು ಕಡೆಗೆ ಹೆದರಿ ಹೆದರಿ ಹೊರಟಿತು, ಮೊದಲ ಸಲ ಮೇಯಲು ಬಿಟ್ಟ ಕರುಗಳ ಹಾಗೆ.

ಆಗ ಅವರು ಬಂದರು. ಆ ಬಿಳಿಯ ಬಯಲಿನ ತುದಿಯಲ್ಲಿ ಒಂದು ಚುಕ್ಕೆ. ಚುಕ್ಕೆ ದೊಡ್ಡದಾಗುತ್ತ ಬಂದು ಒಬ್ಬ ಹೆಂಗಸಾಯಿತು. ಅವಳ ಬೆನ್ನ ಮೇಲೆ ಒಬ್ಬಳು ಮುದುಕಿ. ಮುದುಕಿ ಕಡಲೆಕಾಯಿ ಸುಲಿದು ತಿನ್ನುತ್ತ ಸಿಪ್ಪೆಯನ್ನು ದಾರಿಯುದ್ದಕ್ಕೂ ಉದುರಿಸುತ್ತಿದ್ದಳು. ಹೊತ್ತವಳು ಮಾತಾಡಲಿಲ್ಲ, ನಿಲ್ಲಲಿಲ್ಲ, ಬರೀ ನಡೆದಳು. ನದಿ ಮತ್ತೆ ಬಂತು, ಮಂಚಗಳು ಮತ್ತೆ ಬಂದವು, ದರ್ಜಿ ಬೆಟ್ಟಕ್ಕೆ ಅಂಗಿ ತೊಡಿಸಿ ಗುಂಡಿ ಹಾಕಿದ. ನಡುನಡುವೆ ಮತ್ತೆ ಮತ್ತೆ ಇವಳೇ. ನಡೆಯುತ್ತಲೇ ಇದ್ದಾಳೆ. ಕುತ್ತಿಗೆಯ ನರ ಉಬ್ಬಿದೆ. ಪಾದದ ಕೆಳಗೆ ಉಪ್ಪು ಚರಚರ ಎನ್ನುತ್ತದೆ.

ಆ ಸಿನಿಮಾ ನನಗೆ ತಲೆಬುಡ ಅರ್ಥವಾಗಲಿಲ್ಲ. ಕೊಕ್ಕರೆ ಯಾಕೆ, ಹಪ್ಪಳ ಯಾಕೆ, ಇಂದಿಗೂ ಗೊತ್ತಿಲ್ಲ. ಆದರೆ ಆ ಹೆಂಗಸು ಒಂದು ಕಡೆ ನಿಂತು, ಮುದುಕಿಯನ್ನು ಕೆಳಗಿಳಿಸದೆ, ಸುಮ್ಮನೆ ಒಮ್ಮೆ ಮೇಲಕ್ಕೆ ಎತ್ತಿ ಸರಿಮಾಡಿಕೊಂಡಳು. ಬಿಂದಿಗೆ ಜಾರಿದಾಗ ಸೊಂಟದ ಮೇಲೆ ಸರಿಮಾಡಿಕೊಳ್ಳುತ್ತೇವಲ್ಲ, ಹಾಗೆ. ದಿನಕ್ಕೆ ಎಷ್ಟು ಸಲ ನಾನು ಹಾಗೆ ಮಾಡುತ್ತೇನೆ! ಎಲ್ಲಿಯೋ ಇರುವ, ನನ್ನ ಹೆಸರೂ ಗೊತ್ತಿಲ್ಲದ ಯಾರೋ ಒಬ್ಬರು ಅದನ್ನು ಗಮನಿಸಿದ್ದಾರೆ, ಇಷ್ಟು ದೊಡ್ಡದಾಗಿ ಇಡೀ ಊರಿಗೆ ತೋರಿಸಿದ್ದಾರೆ ಎನ್ನಿಸಿದಾಗ ನನ್ನ ಕಣ್ಣಿಂದ ನೀರು ದಳದಳ ಇಳಿಯಿತು. ಸಿಟ್ಟೆಲ್ಲ ಎಲ್ಲಿ ಹೋಯಿತೋ. ಯಾರಿಗೋ ಕೈಮುಗಿಯಬೇಕೆನ್ನಿಸಿತು, ಯಾರಿಗೆಂದು ತಿಳಿಯಲಿಲ್ಲ.

ಕೊನೆಯಲ್ಲಿ ಅವಳು ಆ ಹಸಿರು ಬಾಗಿಲಿನ ಹತ್ತಿರ ಬಂದಳು. ಮುದುಕಿಯನ್ನು ಹೊಸ್ತಿಲ ಮೇಲೆ ಇಳಿಸಿ, ತಾನೂ ಪಕ್ಕದಲ್ಲಿ ಕೂತಳು. ಇಬ್ಬರ ಹಿಂದೆ ಬಾಗಿಲು ನಿಧಾನಕ್ಕೆ ತೆರೆಯತೊಡಗಿತು. ಒಳಗೇನಿದೆಯೋ ಎಂದು ಇಡೀ ಟಾಕೀಸು ಕತ್ತು ಚಾಚಿತು. ಮಾದಪ್ಪ ಎದ್ದು ನಿಂತುಬಿಟ್ಟ. ಬಾಗಿಲು ತೆರೆಯುತ್ತಲೇ ಇತ್ತು, ತೆರೆಯುತ್ತಲೇ ಇತ್ತು, ಅಷ್ಟರಲ್ಲಿ ಪರದೆ ಬೆಳ್ಳಗಾಗಿ ರೀಲು ಮುಗಿಯಿತು.

ದೀಪ ಹತ್ತಿದರೂ ಯಾರೂ ಏಳಲಿಲ್ಲ. ಮಾಮೂಲಾಗಿ ಎಲ್ಲರೂ ಸುಣ್ಣದ ಕೋಣೆಗೆ ನುಗ್ಗುತ್ತಾರೆ. ಅವತ್ತು ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಗಫಾರ್ ಸಾಬರು ಮೆಟ್ಟಿಲಿಳಿದು ನೇರ ನನ್ನ ಹತ್ತಿರ ಬಂದು, "ಡಬ್ಬಿ ಅದಲುಬದಲಾಗ್ಬಿಟ್ಟೈತೆ ತಾಯಿ. ನಿಮ್ಮನೆ ಸರದಿ ಹಾಳು ಮಾಡ್ಬಿಟ್ಟೆ" ಎಂದು ಕಣ್ಣೊರೆಸಿಕೊಂಡರು.

"ಒಳಗೇನಿತ್ತು ಸಾಬ್ರೇ?" ಎಂದು ಅತ್ತೆ ಕೇಳಿದರು. "ಬಾಗ್ಲೊಳಗೆ?"

"ನಂಗೂ ಗೊತ್ತಿಲ್ಲಮ್ಮ. ಡಬ್ಬೀಲಿ ಅಷ್ಟೇ ಇರೋದು."

ಬೋರಲಿಂಗಯ್ಯ ಸುಣ್ಣದ ಕೋಣೆಯ ಚಿಲಕ ತೆಗೆದ. ಒಳಗೆ ಏನು ಬಂದಿತ್ತೆಂದು ನೀವು ಊಹಿಸಿರುತ್ತೀರಿ. ಹಸಿರು ಬಾಗಿಲು, ಚೌಕಟ್ಟು, ಹೊಸ್ತಿಲು, ಬಾಗಿಲು ತಟ್ಟುವ ಕಬ್ಬಿಣದ ಬಳೆ, ಎಲ್ಲ ಸಮೇತ ನಿಂತಿತ್ತು. ಹೊಸ್ತಿಲಿನ ಬಿರುಕಿನಲ್ಲಿ ಉಪ್ಪಿನ ಹರಳುಗಳಿದ್ದವು. ಬಾಗಿಲನ್ನು ನೂಕಿ ನೋಡಿದರು. ಆಚೆಗೆ ಸುಣ್ಣದ ಗೋಡೆ.

"ನಾನಿದನ್ನ ತಗೊಂಡು ಏನ್ ಮಾಡ್ಲಿ? ಇದ್ರ ಮೇಲೆ ಕೂರ್ಸಿ ತಳ್ಕೊಂಡು ಹೋಗ್ಲಾ?" ಎಂದೆ ನಾನು. ಅತ್ತಿದ್ದು ಹೋಗಿ ನನ್ನ ನಾಲಿಗೆ ಮತ್ತೆ ಜಾಗಕ್ಕೆ ಬಂದಿತ್ತು. ಬೋರಲಿಂಗಯ್ಯ ತನ್ನದೇ ತಪ್ಪೆನ್ನುವ ಹಾಗೆ ತಲೆ ತಗ್ಗಿಸಿದ್ದ. ನನ್ನ ಗಂಡ ಹೊಸ್ತಿಲನ್ನು ಸವರುತ್ತ ಏದುಸಿರು ಬಿಡುತ್ತಿದ್ದ.

ಅತ್ತೆ ಬೆಂಚಿನಿಂದಲೇ ಕೇಳಿದರು. "ದೇವೀರಿ, ನಾನು ಮಲಗೋ ಕೋಣೆ ಹಿಂದ್ಲು ಗೋಡೆ ಯಾವ ಕಡೀಕೆ ಬರ್ತದೆ?"

"ಬಾವಿ ಓಣಿಗೆ."

"ಹಂಗಾರೆ ಅಲ್ಲಿಗೆ ಇಕ್ಕಿ."

ಅಷ್ಟು ದಿನ ಆ ಗೋಡೆಯನ್ನು ಒಳಗಿನಿಂದ ಅವರು ನೋಡಿದ್ದರು, ಹೊರಗಿನಿಂದ ಊರೆಲ್ಲ ನೋಡಿತ್ತು. ಬಾವಿಗೆ ಹೋಗುವವರೆಲ್ಲ ಆ ಗೋಡೆಯನ್ನು ಸವರಿಕೊಂಡೇ ಹೋಗಬೇಕು. ಅಲ್ಲೊಂದು ಬಾಗಿಲು ಇಡಬಹುದೆಂದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಬೇಕಾದ್ದೆಲ್ಲ ಪರದೆಯ ಹಿಂದಿನಿಂದ ಬರುವ ಊರಿನಲ್ಲಿ ಇರುವ ಗೋಡೆ ಒಡೆಯುವ ಯೋಚನೆ ಯಾರು ಮಾಡುತ್ತಾರೆ?

ಅವತ್ತು ಹೊತ್ತು ಮುಳುಗುವುದರೊಳಗೆ ಗೋಡೆ ಒಡೆದೇಬಿಟ್ಟರು. ಕರೆಯದೆ ಬಂದವರೇ ಹೆಚ್ಚು. ಮೀಸೆಯ ಗಂಡಸರೆಲ್ಲ ಹಾರೆ ಹಿಡಿದರು, ಸುಬ್ಬರಾಚಾರಿ ತನ್ನ ಟೇಪಿನಲ್ಲಿ ಅಳತೆ ತೆಗೆದು ಕೊಟ್ಟ, ಗಫಾರ್ ಸಾಬರು ಮನೆಯಿಂದ ಎಲ್ಲರಿಗೂ ಚಹಾ ತರಿಸಿದರು. ಮೊದಲ ಕಲ್ಲು ಕಿತ್ತಾಗ ಕೋಲಿನಷ್ಟು ಬೆಳಕು ಬಂದು ಅತ್ತೆಯ ಹಾಸಿಗೆಯ ಮೇಲೆ ಬಿತ್ತು. ಅವರು ಅದರೊಳಗೆ ಕೈಯಿಟ್ಟು, ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು. ಚೌಕಟ್ಟು ನಿಂತು ಬಾಗಿಲು ತೆರೆದಾಗ ಓಣಿಯೆಲ್ಲ ಒಳಗೆ ಬಂತು. ನೀರಿನ ಬಿಂದಿಗೆಗಳು, ನಾಯಿ, ಯಾರದೋ ಜಗಳ, ಸಾರಿನ ಒಗ್ಗರಣೆಯ ವಾಸನೆ, ಎಲ್ಲ.

ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಆದರೂ ನಮ್ಮೂರಿನವರು ಅದನ್ನು ತಟ್ಟದೆ ಒಳಗೆ ಬರುವುದಿಲ್ಲ. ತೆರೆದ ಬಾಗಿಲಿನ ಬಳೆ ತಟ್ಟಿ, ಮಾದಪ್ಪನಾದರೆ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದು, "ಬರಬೌದಾ ಆಜಮ್ಮ?" ಎಂದು ಕಾಯುತ್ತಾರೆ. ಬಂದವರು ಹೊಸ್ತಿಲ ಮೇಲೆ ಕೂತು ಆ ಸಿನಿಮಾದ ಮಾತೇ ತೆಗೆಯುತ್ತಾರೆ. ತಮಾಷೆಯೆಂದರೆ ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡಿಯೇ ಇಲ್ಲ. ನದಿಯ ಊಟದಲ್ಲಿ ತನ್ನ ಸತ್ತ ತಮ್ಮ ಕೂತಿದ್ದ ಎನ್ನುತ್ತಾಳೆ ಒಬ್ಬಳು. ಕೊಕ್ಕರೆ ಅಳುತ್ತಿತ್ತು ಎನ್ನುತ್ತಾನೆ ಪುಟ್ಟಮಾದ. ಬಾಗಿಲೊಳಗೆ ಏನಿತ್ತು ಎಂಬುದಕ್ಕಂತೂ ಊರಿನಲ್ಲಿ ಎಷ್ಟು ಬಾಯಿಗಳಿವೆಯೋ ಅಷ್ಟು ಉತ್ತರ. ಈಗೀಗ ಬೋರಲಿಂಗಯ್ಯ ಅರ್ಧ ಆಟಕ್ಕೆ ಮಾತ್ರ ಕಣ್ಣು ಕೂಗುತ್ತಾನೆ. ಉಳಿದರ್ಧ ಸುಮ್ಮನೆ ಕೂತು ನೋಡುತ್ತೇವೆ. ಬರುವ ಸಾಮಾನು ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ, ಆಗಲಿ.

ಕೂಸುಗಳೂ ಬಂದವು. ಓಣಿಯ ಬೆಳಕು ಬೀಳುವ ಹೊಸ್ತಿಲಿನಲ್ಲಿ ಅತ್ತೆ ಗೋಡೆಗೆ ಒರಗಿ ಕೂರುತ್ತಾರೆ. ನಾನು ಅವರ ಕಾಲುಗಳನ್ನು ನೀಟಾಗಿ ಚಾಚಿ ಇಡುತ್ತೇನೆ. ಕಾಲಿಗೆ ಕಸುವಿಲ್ಲದಿದ್ದರೇನು, ಕೂಸು ಮಲಗಲು ಅದೇ ಸಾಕು. ಕೈಗೆ ಏನೂ ಆಗಿರಲಿಲ್ಲ. ಕಟ್ಟಿಗೆಯ ಹಾಗೆ ಸುಮ್ಮನೆ ಬಿದ್ದಿದ್ದ ಆ ಕೈಗಳಿಗೆ ಮತ್ತೆ ಎಣ್ಣೆಯ ಮಿರುಗು ಬಂತು. ಬಚ್ಚಲಿಗೆ ಮಾತ್ರ ನಾನು ಈಗಲೂ ಹೊರಲೇಬೇಕು. ಅದನ್ನು ಯಾವ ಬಾಗಿಲೂ ತಪ್ಪಿಸಲಿಲ್ಲ.

ಒಂದು ದಿನ ಬೆಳಗಿನ ಕೂಸುಗಳೆಲ್ಲ ಹೋದ ಮೇಲೆ ನಾನೂ ಹೊಸ್ತಿಲ ಮೇಲೆ ಅವರ ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ. ಆ ಸಿನಿಮಾದಲ್ಲಿ ಏನು ನೋಡಿದಿರಿ ಎಂದು ಎಲ್ಲರೂ ಎಲ್ಲರನ್ನೂ ಕೇಳಿಯಾಗಿತ್ತು, ನಾನು ಅತ್ತೆಯನ್ನು ಕೇಳಿರಲಿಲ್ಲ.

"ಅತ್ತೆ, ಅವತ್ತು ಕೊನೇಲಿ ಎಲ್ರೂ ಬಾಗ್ಲು ನೋಡ್ತಿದ್ರಲ್ಲ, ನೀವೂ ಅದನ್ನೇ ನೋಡ್ತಿದ್ರಾ?"

"ಇಲ್ಲ ಕಣೆ" ಎಂದರು. "ನಾನು ಮೊದಲಿಂದ ಕೊನೇಗಂಟ ಆ ಹುಡುಗಿ ಬೆನ್ನು ನೋಡ್ತಿದ್ದೆ. ಎಷ್ಟು ನೋಯ್ತಿತ್ತೋ ಏನೋ, ಬಾಯ್ಬಿಟ್ಟು ಒಂದ್ ಮಾತು ಹೇಳ್ಲಿಲ್ಲ ನೋಡು ಅವಳು. ಆ ಮುದುಕಿಗೆ ಹಿಂದ್ಗಡೆ ಕುಂತು ಕಡ್ಲೆಕಾಯಿ ತಿನ್ನೋದೊಂದು ಗೊತ್ತಿತ್ತು."

ಸುಲಿದ ಕಾಯಿ ಕೈಯಲ್ಲೇ ಉಳಿಯಿತು.

"ಆ ಎಣ್ಣೆ ಬಟ್ಲು ಇತ್ಲಾಗೆ ಕೊಡು" ಎಂದರು ಅತ್ತೆ. "ಅತ್ಲಾಗೆ ತಿರುಗಿ ಕುಂತ್ಕೋ. ರವಿಕೆ ಸಡಿಲ ಮಾಡು, ನಾನೇನು ನೋಡ್ದಿರೋ ಬೆನ್ನಾ!"

"ನಾನೇನು ಬಾಣಂತಿಯಾ ಅತ್ತೆ?" ಎಂದು ನಗಲು ಹೋದೆ. ನಗು ಅರ್ಧಕ್ಕೇ ಮುರಿಯಿತು.

"ತಿರುಗೇ ಅಂದ್ರೆ."

ತಿರುಗಿ ಕೂತು ಸೆರಗನ್ನು ಮುಂದಕ್ಕೆ ಎಳೆದುಕೊಂಡೆ. ಬಿಸಿಲಿಗೆ ಕಾದ ಹರಳೆಣ್ಣೆ ಬೆನ್ನ ಮೇಲೆ ಬಿತ್ತು, ಅದರ ಹಿಂದೆಯೇ ಆ ಕೈ. ಹೆಬ್ಬೆರಳು ಬೆನ್ನುಮೂಳೆಯ ಎರಡೂ ಮಗ್ಗುಲಿನಲ್ಲಿ ಮೇಲಿನಿಂದ ಕೆಳಕ್ಕೆ ಒತ್ತುತ್ತ, ನನಗೇ ಗೊತ್ತಿಲ್ಲದ ಗಂಟುಗಳನ್ನು ಹುಡುಕಿ ಬಿಡಿಸುತ್ತ ಇಳಿಯಿತು. ಊರಿನ ಬಾಣಂತಿಯರು ಹೇಳುತ್ತಿದ್ದುದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ನಾನು ಬಾಗಿಲಿನ ಚೌಕಟ್ಟಿಗೆ ಹಣೆಯಿಟ್ಟು ಅತ್ತುಬಿಟ್ಟೆ. ಹಿಂದಿನಿಂದ ಅವರು ಒತ್ತುತ್ತಲೇ ಇದ್ದರು. ಓಣಿಯಲ್ಲಿ ಹೋಗುವ ಹೆಂಗಸರು ನೋಡಿಕೊಂಡು ನೀರಿಗೆ ಹೋದರು.

ಯಾರೋ ಬಳೆ ತಟ್ಟಿದರು. "ಬರಬೌದಾ ಆಜಮ್ಮ?" ಬೋರಲಿಂಗಯ್ಯನ ದನಿ.

"ಅಲ್ಲೇ ತಿರುಗ್ಕೊಂಡು ನಿಂತ್ಕೋ ಬೋರಲಿಂಗ, ಇತ್ಲಾಗೆ ಕಣ್ಣು ಬಿಡಬೇಡ" ಎಂದರು ಅತ್ತೆ. "ನನ್ನ ಸೊಸೆಗೆ ಎಣ್ಣೆ ಹಚ್ತಾ ಇವ್ನಿ. ಇನ್ನೂ ಹೊತ್ತಾಯ್ತದೆ."